ಇಂದಿನ ಧಮ್ಮಚಿಂತನೆ: ಸಿಮೆಂಟ್ ಬಂಡೆ

ಅತ್ತಿಗುಪ್ಪೆಯ ನಮ್ಮ ಬಳಗದಲ್ಲಿ ಪಾರ್ಕುಗಳಿಗೆ ಕೃತಕ ಬಂಡೆ, ಜಲಪಾತ ಕಟ್ಟುವ ಗೆಳೆಯರೊಬ್ಬರಿದ್ದಾರೆ. ಮೊನ್ನೆ ಕೇಳಿದರು: "ಮೇಷ್ಟ್ರೇ, ಕಲ್ಲಲ್ಲದ್ದನ್ನು ಕಲ್ಲು ಅಂತ ತೋರಿಸೋದೇ ನನ್ನ ಹೊಟ್ಟೆಪಾಡು. ಇದು ಮುಸಾವಾದ ಅಲ್ವಾ?"

ಭಗವಾನ್ ಬುದ್ಧರು ಉಪಾಸಕರಿಗೆ ಬೇಡವೆಂದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಗಾರೆ ಕೆಲಸ ಅದರಲ್ಲಿಲ್ಲ. ಸುಳ್ಳಾಗಲು ವಂಚಿಸುವ ಉದ್ದೇಶ ಬೇಕು. ಪಾರ್ಕಿನ ಬಂಡೆ ಹತ್ತಿ ಕುಣಿಯುವ ಮಗುವಿಗೆ ಯಾವ ವಂಚನೆಯೂ ಆಗಿಲ್ಲ. ಆದರೆ ಹಣ ಉಳಿಸಲು ಗಾರೆ ತೆಳುವಾಗಿ ಮೆತ್ತಿದರೆ ಒಳಗಿನ ಕಂಬಿ ತುಕ್ಕು ಹಿಡಿದು ಬಂಡೆ ಬಿರಿಯುತ್ತದೆ, ಕೆಳಗೆ ಅದೇ ಮಗು ಇರುತ್ತದೆ. ಮೋಸ ಅಲ್ಲಿದೆ.

ಕಂಬಿ, ಜಾಲರಿ, ಗಾರೆ, ಬಣ್ಣ ಕೂಡಿದ ಈ ಬಂಡೆ ಸಂಖಾರ. ನಮ್ಮ ಲಾಲ್‌ಬಾಗಿನ ಬಂಡೆ ಮಾತ್ರ ಬೇರೆಯೇ? ಸುಮಾರು 300 ಕೋಟಿ ವರ್ಷದ ಅದೂ ಬೆಣಚು, ಅಭ್ರಕ, ಫೆಲ್ಡ್‌ಸ್ಪಾರ್ ಕೂಡಿ ಆದದ್ದೇ. ಮಳೆ ಬಿಸಿಲಿಗೆ ಅದೂ ಸವೆಯುತ್ತಿದೆ.

ಪಾಣಾತಿಪಾತದ ಶೀಲದ ಬಗ್ಗೆ ಅವರು ಕೇಳಲಿಲ್ಲ, ನಾನೇ ಹೇಳಿದೆ: ಒಣಗಿದ ಗಾರೆ ಉಜ್ಜುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕರ್ಚೀಫು ಸಾಲದು. ನೀರು ಚಿಮುಕಿಸಿ ಉಜ್ಜಿ. ಕೂಲಿ ಹುಡುಗರಿಗೂ ಒಳ್ಳೆಯ ಮಾಸ್ಕ್ ಕೊಡಿಸಿ.

ಭವತು ಸಬ್ಬ ಮಂಗಲಂ.