ಕೆಲಸ ನಿಂತಾಗ ಉಳಿಯುವ ಗೆಳೆತನ

ಒಟ್ಟಿಗೆ ಕೆಲಸ ಮಾಡುವವರ ನಡುವೆ ಸಲಿಗೆ ಬೆಳೆಯುವುದು ಸಹಜ. ಒಂದೇ ಅಂಗಡಿಯ ಪಾಲುದಾರರು, ಒಂದೇ ಮೇಳದ ಕಲಾವಿದರು ವರ್ಷ ಕಳೆದಂತೆ ಒಬ್ಬರಿಗೊಬ್ಬರು ಒಗ್ಗಿಹೋಗುತ್ತಾರೆ. ಅದು ಗೆಳೆತನವೋ ಬರೀ ಅನುಕೂಲವೋ ಎಂದು ತಿಳಿಯುವುದು ಹೇಗೆ? ಅರಿಸ್ಟಾಟಲ್ ಗೆಳೆತನವನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದು ಉಪಯೋಗಕ್ಕಾಗಿ, ಇನ್ನೊಂದು ಸಂತೋಷಕ್ಕಾಗಿ, ಮೂರನೆಯದು ಗೆಳೆಯನ ಒಳ್ಳೆಯತನಕ್ಕಾಗಿ. ಮೊದಲೆರಡು ಬಗೆಯವು ಕಾರಣ ಮುಗಿದ ಕೂಡಲೇ ಮುಗಿಯುತ್ತವೆ ಎಂದ. ಆದರೆ ಬದುಕಿನಲ್ಲಿ ಈ ಮೂರೂ ಒಬ್ಬನೇ ಗೆಳೆಯನಲ್ಲಿ ಕಲೆತಿರುತ್ತವೆ. ಕೆಲಸ ಚೆನ್ನಾಗಿ ನಡೆಯುತ್ತಿರುವಷ್ಟು ದಿನ ಅವನ್ನು ಬಿಡಿಸಿ ನೋಡಲು ಸಾಧ್ಯವೇ ಇಲ್ಲ. ಕೆಲಸ ನಿಂತಾಗ ಮಾತ್ರ ಗೊತ್ತಾಗುತ್ತದೆ. ಕೆನಡಾದ 'ರಷ್' ಎಂಬ ರಾಕ್ ತಂಡದಲ್ಲಿ ಕೆಲಸ ಎರಡು ಸಲ ನಿಂತಿತು. ಅದಕ್ಕೇ ಈ ಪ್ರಶ್ನೆಯನ್ನು ಅವರ ಕಥೆಯ ಮೂಲಕ ಕೇಳಬಹುದು ಅನ್ನಿಸುತ್ತದೆ.

ಗೆಡ್ಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್ ಇಬ್ಬರೂ 1953ರಲ್ಲಿ, ತಿಂಗಳ ಅಂತರದಲ್ಲಿ ಹುಟ್ಟಿದವರು. ಇಬ್ಬರೂ ವಲಸೆ ಬಂದವರ ಮಕ್ಕಳು. ಲೀ ಅವರ ತಂದೆತಾಯಿ ನಾಜಿ ಶಿಬಿರಗಳಲ್ಲಿ ಬದುಕುಳಿದ ಪೋಲೆಂಡಿನ ಯಹೂದಿಗಳು; ಲೈಫ್‌ಸನ್ ಅವರದು ಯುಗೊಸ್ಲಾವಿಯದಿಂದ ಬಂದ ಕುಟುಂಬ. ಟೊರಾಂಟೊದ ಶಾಲೆಯೊಂದರಲ್ಲಿ ಪರಿಚಯವಾದ ಹುಡುಗರು 1968ರ ಹೊತ್ತಿಗೆ ಒಂದೇ ತಂಡದಲ್ಲಿದ್ದರು. ಒಬ್ಬರ ಕೈಗೆ ಬೇಸ್ ಗಿಟಾರ್, ಇನ್ನೊಬ್ಬರ ಕೈಗೆ ಗಿಟಾರ್. 1974ರಲ್ಲಿ ಮೊದಲ ಡ್ರಮ್ಮರ್ ತಂಡ ಬಿಟ್ಟಾಗ ಆ ಜಾಗಕ್ಕೆ ಬಂದವರು ನೀಲ್ ಪಿಯರ್ಟ್.

ಅಲ್ಲಿಂದ ಕೆಲಸದ ಹಂಚಿಕೆ ನಿಚ್ಚಳವಾಯಿತು. ಪಿಯರ್ಟ್ ಡ್ರಮ್ಸ್ ನುಡಿಸುವುದರ ಜೊತೆಗೆ ಹಾಡುಗಳ ಸಾಹಿತ್ಯ ಬರೆದರು. ಲೀ ಮತ್ತು ಲೈಫ್‌ಸನ್ ಅದಕ್ಕೆ ಸಂಗೀತ ಕಟ್ಟಿದರು. ಹಾಡಿದವರು ಲೀ. ಅಂದರೆ ಸುಮಾರು ನಾಲ್ಕು ದಶಕ ಒಬ್ಬ ಮನುಷ್ಯ ಇನ್ನೊಬ್ಬನ ಮಾತನ್ನು ತನ್ನ ಗಂಟಲಿನಿಂದ, ತನ್ನದೇ ಎಂಬಂತೆ ಹಾಡಿದ. ಹೀಗೆ ಹಾಡಬೇಕಾದರೆ ಪರಸ್ಪರ ನಂಬಿಕೆ ಬೇಕು. ಆದರೆ ಇಷ್ಟನ್ನೇ ನೋಡಿ ಇದು ನಿಜವಾದ ಗೆಳೆತನ ಎಂದುಬಿಡಲಾಗದು. ಲಾಭದ ವ್ಯಾಪಾರದಲ್ಲೂ ನಂಬಿಕೆ ಇರುತ್ತದೆ.

1997ರ ಆಗಸ್ಟ್‌ನಲ್ಲಿ ಪಿಯರ್ಟ್ ಅವರ ಹತ್ತೊಂಬತ್ತು ವರ್ಷದ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ಹತ್ತು ತಿಂಗಳ ಬಳಿಕ ಆಕೆಯ ತಾಯಿಯೂ ಕ್ಯಾನ್ಸರ್‌ನಿಂದ ಹೋದರು. ನಾನು ನಿವೃತ್ತನಾದೆ ಎಂದು ತಿಳಿದುಕೊಳ್ಳಿ ಎಂದು ಗೆಳೆಯರಿಗೆ ಹೇಳಿದ ಪಿಯರ್ಟ್ ಮೋಟರ್‌ಸೈಕಲ್ ಹತ್ತಿ ಹೊರಟರು. ಉತ್ತರ ಅಮೆರಿಕದ ಉದ್ದಗಲಕ್ಕೆ ಸುಮಾರು 88,000 ಕಿಲೋಮೀಟರ್ ಅಲೆದರು. ರಷ್ ಐದು ವರ್ಷ ಒಂದೂ ಕಾರ್ಯಕ್ರಮ ಕೊಡಲಿಲ್ಲ.

ಲೀ ಮತ್ತು ಲೈಫ್‌ಸನ್ ಆಗ ಬೇರೊಬ್ಬ ಡ್ರಮ್ಮರ್‌ನನ್ನು ಹುಡುಕಲಿಲ್ಲ. ರಾಕ್ ಸಂಗೀತದ ಲೋಕದಲ್ಲಿ ಆ ಕೆಲಸ ಅಪರೂಪವೇನಲ್ಲ. ಸತ್ತವರ ಜಾಗಕ್ಕೇ ತಿಂಗಳೊಳಗೆ ಇನ್ನೊಬ್ಬರು ಬಂದು ಕೂತ ಉದಾಹರಣೆಗಳಿವೆ. ಇವರು ಸುಮ್ಮನಿದ್ದರು. ಪಿಯರ್ಟ್ ಮತ್ತೆ ಮದುವೆಯಾಗಿ, ಮತ್ತೆ ನುಡಿಸುವ ಮನಸ್ಸಾಗಿದೆ ಎಂದು ತಾವಾಗಿ ಹೇಳಿದ ಮೇಲೆ 2002ರಲ್ಲಿ 'ವೇಪರ್ ಟ್ರೇಲ್ಸ್' ಎಂಬ ಆಲ್ಬಮ್ ಹೊರಬಂತು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ಸಂಪಾದಿಸಿದವರು ಕಾದರೆ ಅದರಲ್ಲೇನು ದೊಡ್ಡಸ್ತಿಕೆ ಎಂದು ಕೇಳಬಹುದು. ಕೇಳಬೇಕಾದದ್ದೇ. ಹೊಟ್ಟೆಪಾಡಿಗೆ ದುಡಿಯುವ ಕಲಾವಿದನಿಗೆ ಐದು ವರ್ಷ ಕಾಯುವ ಅವಕಾಶ ಇರುವುದಿಲ್ಲ. ಹಾಗಾಗಿ ಈ ಕಾಯುವಿಕೆಯ ಬೆಲೆಯನ್ನು ಅವರು ಕಳೆದುಕೊಂಡ ಹಣದಲ್ಲಿ ಅಳೆಯಬಾರದು. ದುಃಖದಲ್ಲಿರುವವನಿಗೆ ನಮ್ಮ ನಿರೀಕ್ಷೆಯೇ ಒಂದು ಹೊರೆ. 'ಯಾವಾಗ ಬರುತ್ತೀಯ' ಎಂಬ ಪ್ರೀತಿಯ ಮಾತೂ ಸಾಲಗಾರನ ತಗಾದೆಯಂತೆ ಕೇಳಿಸಬಹುದು. ಆ ತಗಾದೆ ಮಾಡದೇ ಇರುವುದನ್ನು ಬಡವನೂ ಕಲಿಯಬಹುದು, ಸಿರಿವಂತನೂ ಕಲಿಯಬಹುದು. ಇಬ್ಬರಿಗೂ ಅದು ಸುಲಭವಲ್ಲ.

ಎರಡನೆಯ ಸಲ ಕೆಲಸ ನಿಂತಾಗ ಚಿತ್ರ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. 2015ರ ಹೊತ್ತಿಗೆ ಪಿಯರ್ಟ್ ಅವರ ದೇಹ ದಣಿದಿತ್ತು. ಲೈಫ್‌ಸನ್ ಅವರಿಗೆ ಸಂಧಿವಾತ. ಇನ್ನಷ್ಟು ಊರುಗಳಲ್ಲಿ ನುಡಿಸಬೇಕೆಂಬ ಆಸೆ ಇದ್ದದ್ದು ಲೀ ಅವರಿಗೆ. ಆ ವರ್ಷದ ಆಗಸ್ಟ್ 1ರಂದು ಲಾಸ್ ಏಂಜಲೀಸ್‌ನ ಫೋರಂ ಸಭಾಂಗಣದಲ್ಲಿ ಮೂವರೂ ಕಡೆಯ ಬಾರಿ ನುಡಿಸಿದರು. ಎಂದೂ ಡ್ರಮ್ಸ್ ದಾಟಿ ಮುಂದೆ ಬಾರದ ಪಿಯರ್ಟ್ ಆ ರಾತ್ರಿ ವೇದಿಕೆಯ ಮುಂಭಾಗಕ್ಕೆ ಬಂದು ಗೆಳೆಯರನ್ನು ಅಪ್ಪಿಕೊಂಡರು. ಲೀ ಅವರಿಗೆ ಬೇಸರವಾಗಿತ್ತು, ಅದನ್ನು ಅವರು ಬಚ್ಚಿಟ್ಟಿಲ್ಲ. ಗೆಳೆತನವಿದ್ದರೆ ಆಸೆಗಳು ಒಂದಾಗುತ್ತವೆ ಎಂಬುದು ನಮ್ಮ ಭ್ರಮೆ. ಆಸೆಗಳು ಬೇರೆಯಾದಾಗ ಯಾರು ಸಾಕು ಎನ್ನುತ್ತಾರೋ ಅವರ ಮಾತು ನಡೆಯಬೇಕು. ಗೆಳೆಯನ ಮೈ ನೋಯಿಸಿ ಪಡೆಯುವ ಸಂತೋಷವನ್ನು ಕೇಳುವ ಹಕ್ಕು ಗೆಳೆಯನಿಗಿಲ್ಲ.

ಅದಾದ ಮರುವರ್ಷ ಪಿಯರ್ಟ್ ಅವರಿಗೆ ಮೆದುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ವಿಷಯ ಹೊರಗೆ ಹೋಗಬಾರದು ಎಂಬುದು ಅವರ ಇಚ್ಛೆ. ಲೀ ಮತ್ತು ಲೈಫ್‌ಸನ್ ಮೂರೂವರೆ ವರ್ಷ ಅದನ್ನು ಕಾಪಾಡಿದರು. 2020ರ ಜನವರಿ 7ರಂದು ಪಿಯರ್ಟ್ ತೀರಿಕೊಂಡರು. ಜಗತ್ತಿಗೆ ಗೊತ್ತಾದದ್ದು ಮೂರು ದಿನ ಬಿಟ್ಟು. ಈ ನಡುವೆ ಬಲ್ಲವರ ಮುಂದೆಯೂ ನಿಜ ಹೇಳಲಾಗದ ಸ್ಥಿತಿ ಎಷ್ಟು ಕಷ್ಟವಾಗಿತ್ತೆಂದು ಲೀ ಆಮೇಲೆ ಹೇಳಿಕೊಂಡಿದ್ದಾರೆ.

ಗೆಳೆಯನಿಗಾಗಿ ಸುಳ್ಳು ಹೇಳಬಹುದೇ? ಕೊಲೆಗಾರ ಬಾಗಿಲಿಗೆ ಬಂದು ಗೆಳೆಯನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂದು ಕಾಂಟ್ 1797ರಲ್ಲಿ ಬರೆದ. ಅಷ್ಟು ಕಟ್ಟುನಿಟ್ಟಿನ ನಿಯಮ ನಮ್ಮಲ್ಲಿ ಹೆಚ್ಚಿನವರಿಗೆ ಒಗ್ಗುವುದಿಲ್ಲ. ಹಾಗೆಂದು 'ಒಳ್ಳೆಯದಕ್ಕೆ ಹೇಳಿದ ಸುಳ್ಳು ಸುಳ್ಳೇ ಅಲ್ಲ' ಎನ್ನುವುದೂ ನನಗೆ ಒಪ್ಪಿಗೆಯಾಗುವುದಿಲ್ಲ. ನಂಬಿ ಕೇಳಿದವರಿಗೆ ಸುಳ್ಳು ಸಿಕ್ಕಿತು, ಅದು ನಿಜ. ಆದರೆ ಆ ಕಾಯಿಲೆ ಪಿಯರ್ಟ್ ಅವರದು, ಅದರ ಸುದ್ದಿಯೂ ಅವರದೇ ಸ್ವತ್ತು. ಬೇರೆಯವರ ಸ್ವತ್ತನ್ನು ನಮ್ಮ ಮನಸ್ಸಾಕ್ಷಿ ಹಗುರವಾಗಲೆಂದು ಹಂಚಲು ಬರುವುದಿಲ್ಲ. ಇಂಥ ಕಡೆ ಗೆಳೆಯನಾದವನು ಮಾಡಬಹುದಾದದ್ದು ಇಷ್ಟೇ: ಸುಳ್ಳಿನ ಭಾರವನ್ನು ತಾನು ಹೊರುವುದು, ಹೊತ್ತೆ ಎಂದು ಕಾಲ ಬಂದಾಗ ಒಪ್ಪಿಕೊಳ್ಳುವುದು.

ಆಮೇಲೆ ಉಳಿದಿಬ್ಬರು ಲೀ ಅವರ ಮನೆಯಲ್ಲಿ ಕೂತು ಹಳೆಯ ಹಾಡುಗಳನ್ನು ನುಡಿಸತೊಡಗಿದರು. ನಮ್ಮದೇ ಹಾಡನ್ನು ನಾವೇ ಕೆಟ್ಟದಾಗಿ ನಕಲು ಮಾಡಿದಂತಿತ್ತು ಎಂದು ಲೈಫ್‌ಸನ್ ತಮಾಷೆ ಮಾಡಿದ್ದಾರೆ. 2025ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಅನಿಕಾ ನಿಲೆಸ್ ಅವರನ್ನು ಡ್ರಮ್ಸ್‌ಗೆ ಕೂರಿಸಿಕೊಂಡು 2026ರಲ್ಲಿ ಮತ್ತೆ ಪ್ರವಾಸ ಹೊರಡುವುದಾಗಿ ಪ್ರಕಟಿಸಿದರು. ಪಿಯರ್ಟ್ ಅವರ ಕುಟುಂಬ ಒಪ್ಪಿ ಬೆಂಬಲಿಸಿತು. ಪಿಯರ್ಟ್ ಇಲ್ಲದ ರಷ್ ರಷ್ ಅಲ್ಲ ಎನ್ನುವವರೂ ಇದ್ದಾರೆ.

1997ರಲ್ಲಿ ಸಲ್ಲದ ಕೆಲಸ 2026ರಲ್ಲಿ ಸಲ್ಲುವುದು ಹೇಗೆ? ಅಂದು ಆ ಆಸನದ ಒಡೆಯ ಬದುಕಿದ್ದರು. ಮರಳಿ ಬರುವುದು ಅಥವಾ ಬಾರದಿರುವುದು ಅವರಿಗೆ ಬಿಟ್ಟದ್ದಾಗಿತ್ತು. ಬೇರೊಬ್ಬರನ್ನು ಕೂರಿಸಿದ್ದರೆ ಆ ಆಯ್ಕೆಯನ್ನೇ ಕಿತ್ತುಕೊಂಡಂತಾಗುತ್ತಿತ್ತು. ಇಂದು ಕಿತ್ತುಕೊಳ್ಳಲು ಏನೂ ಉಳಿದಿಲ್ಲ. ಎಪ್ಪತ್ತು ದಾಟಿದ ಇಬ್ಬರು ಗೆಳೆಯರಿದ್ದಾರೆ, ಮೂವರು ಸೇರಿ ಕಟ್ಟಿದ ಹಾಡುಗಳಿವೆ. ಲೀ ಹಾಡುವ ಮಾತುಗಳು ಈಗಲೂ ಪಿಯರ್ಟ್ ಬರೆದವೇ.