ಬಿದ್ದ ಮರದ ಋಣ

ಧರ್ಮಾಧರ್ಮಗಳ ವಿಚಾರವು ಪಂಡಿತರ ಸಭೆಯಲ್ಲಿಯೇ ನಡೆಯತಕ್ಕದ್ದೆಂದು ಹಲವರು ಬಗೆಯುತ್ತಾರೆ. ಆದರೆ ಗೃಹಸ್ಥನಿಗೆ ಅದು ಎದುರಾಗುವುದು ಬಹುಮಟ್ಟಿಗೆ ತನ್ನ ಹಿತ್ತಿಲಿನಲ್ಲಿ, ಬೇಲಿಯ ಬದಿಯಲ್ಲಿ, ನೆರೆಮನೆಯ ಗೋಡೆಯ ಬಳಿಯಲ್ಲಿ. ಬಿರುಗಾಳಿಗೆ ಉರುಳಿದ ಮರವೊಂದು ಇಂಥ ವಿಚಾರಕ್ಕೆ ಹೇಗೆ ಕಾರಣವಾಗುವುದೆಂಬುದನ್ನು ಸದ್ಭಕ್ತರು ಅವಧರಿಸಬೇಕು.

ಮುಂಗಾರಿಗೆ ಮೊದಲು ಅಶ್ವಿನಿ, ಭರಣಿ ಮಳೆಗಳು ಗಾಳಿಗುಡುಗುಗಳೊಡನೆ ಬರುವುದನ್ನು ಬಯಲುಸೀಮೆಯವರೆಲ್ಲರೂ ಬಲ್ಲರು. ಅಂಥದೊಂದು ಸಂಜೆ ಒಬ್ಬ ಗೃಹಸ್ಥನ ಹಿತ್ತಿಲಿನ ಹಳೆಯ ಹುಣಸೆಯ ಮರವು ಬೇರುಸಹಿತ ಕಿತ್ತು ನೆರೆಯವನ ಕೊಟ್ಟಿಗೆಯ ಮೇಲೆ ಬಿದ್ದಿತೆಂದು ಇಟ್ಟುಕೊಳ್ಳಬಹುದು. ಗೋಡೆ ಕುಸಿಯಿತು, ಹೆಂಚು ಪುಡಿಯಾಯಿತು, ಕರೆಯುವ ಹಸುವಿನ ಕಾಲು ಮುರಿಯಿತು. ಆ ಹಸುವಿನ ಹಾಲೇ ಆ ಬಡಮನೆಗೆ ಜೀವನಾಧಾರ. ನೆರೆಯವನು ಬಂದು ಮೌನವಾಗಿ ನಿಂತಾಗ ಗೃಹಸ್ಥನು, "ಏನು ಮಾಡೋಣಪ್ಪಾ, ಗಾಳಿ ಕೆಡವಿತು. ಶಿವನ ಚಿತ್ತ. ನಾನೇನು ಕೊಡಲಿ ಹಾಕಿದೆನೇ?" ಎಂದನು.

ಮರುದಿನ ಬೆಳಿಗ್ಗೆ ಮರದ ವ್ಯಾಪಾರಿ ಬಂದನು. ಹುಣಸೆಯ ಚೇಗು ಬಲು ಗಟ್ಟಿ. ಒನಕೆಗೂ ಗಾಣಕ್ಕೂ ಹಿಂದಿನಿಂದ ಹೆಸರಾದುದು. ಆಗ ಅದೇ ಗೃಹಸ್ಥನು ಬೊಡ್ಡೆಯ ಮೇಲೆ ಕೈಯಿಟ್ಟು, "ಇದು ನಮ್ಮಜ್ಜ ನೆಟ್ಟ ಮರ. ಕಡಿಮೆಗೆ ಕೊಡುವುದಿಲ್ಲ" ಎಂದು ಬೆಲೆ ಹೇಳಿದನು. ಸಂಜೆ ಶಿವನದಾಗಿದ್ದ ಮರವು ಬೆಳಗಾಗುವಷ್ಟರಲ್ಲಿ ಅಜ್ಜನದಾಯಿತು! ಒಳಗಿನಿಂದ ಕೇಳುತ್ತಿದ್ದ ಅವನ ಹೆಂಡತಿ ಇಷ್ಟನ್ನೇ ಕೇಳಿದಳು: "ನಿನ್ನೆ ಮರ ನಮ್ಮದಲ್ಲವೆಂದಿರಿ. ಇಂದು ಯಾರ ದಿಮ್ಮಿಗೆ ಬೆಲೆ ಹೇಳುತ್ತಿದ್ದೀರಿ?"

ವಿಚಾರದ ತಿರುಳೆಲ್ಲವೂ ಆ ತಾಯಿಯ ಮಾತಿನಲ್ಲಿದೆ. ಲಾಭವು ಬಂದಾಗ "ನನ್ನದು" ಎಂಬ ನಾಲಗೆಯೇ ಹಾನಿಯು ಬಂದಾಗ "ಶಿವನದು" ಎಂದರೆ ಅದು ಭಕ್ತಿಯಲ್ಲ. ಶಿವನ ಹೆಸರಿನಲ್ಲಿ ಋಣವನ್ನು ತಪ್ಪಿಸಿಕೊಳ್ಳುವ ಉಪಾಯ. ಬಂದುದೆಲ್ಲವನ್ನೂ ಪ್ರಸಾದವೆಂದು ಕೈಕೊಳ್ಳುವುದು ಶರಣಧರ್ಮ. ಪ್ರಸಾದದಲ್ಲಿ ಸಿಹಿಯನ್ನು ತಾನಿಟ್ಟುಕೊಂಡು ಕಹಿಯನ್ನು ನೆರೆಯವನ ಎಡೆಗೆ ಸರಿಸುವ ಪದ್ಧತಿ ಎಲ್ಲಿಯೂ ಇಲ್ಲ.

ಇಲ್ಲಿ ಒಂದು ಶಂಕೆಯು ಹುಟ್ಟುತ್ತದೆ. ಗಾಳಿಯನ್ನು ಬೀಸಿದವನು ಗೃಹಸ್ಥನಲ್ಲ. ಮರವನ್ನು ಕೆಡವಿದವನೂ ಅವನಲ್ಲ. ಮಾಡದ ತಪ್ಪಿಗೆ ದಂಡವೇಕೆ? ಸಮಾಧಾನವಿದು: ದೋಷ ಬೇರೆ, ಋಣ ಬೇರೆ. ಬುಡದಲ್ಲಿ ಅಣಬೆ ಎದ್ದು, ಕಾಂಡದಲ್ಲಿ ಪೊಟರೆ ಬಿದ್ದು, ಬೇರಿನ ಬಳಿ ಮಣ್ಣು ಬಿರಿದುದನ್ನು ಕಂಡೂ, ನೆರೆಯವನು ಎಚ್ಚರಿಸಿದರೂ ಉದಾಸೀನನಾಗಿದ್ದರೆ ಅವನಿಗೆ ದೋಷವೂ ಉಂಟು. ತಿಳಿದ ಅಪಾಯವನ್ನು ಅಲಕ್ಷಿಸಿದವನು "ದೈವಕೃತ್ಯ"ವೆಂದು ಪಾರಾಗಲು ನ್ಯಾಯಾಲಯದಲ್ಲಿಯೂ ಸುಲಭವಲ್ಲ. ಹಾಗಲ್ಲದೆ ಮರವು ಆರೋಗ್ಯವಾಗಿದ್ದು ಅಸಾಧಾರಣ ಗಾಳಿಗೆ ಬಿದ್ದಿದ್ದರೆ ದೋಷವಿಲ್ಲ. ಆದರೂ ಋಣವು ಉಳಿಯುತ್ತದೆ. ಐವತ್ತು ವರ್ಷ ಆ ಮರದ ನೆರಳನ್ನೂ ಹಣ್ಣನ್ನೂ ಉಂಡ ಮನೆಯು, ಅದು ಕಡೆಗಾಲದಲ್ಲಿ ಮಾಡಿದ ಹಾನಿಯ ಮುಂದೆ ಅಪರಿಚಿತರಂತೆ ನಿಲ್ಲಲಾಗದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯನವರ ವೃತ್ತಾಂತವು ಎಲ್ಲರಿಗೂ ಪರಿಚಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ತಿರುಗಿ ಕಳುಹಿಸಿದರೆಂದು ಶರಣಚರಿತ್ರೆಗಳು ಹೇಳುತ್ತವೆ. ಅಕ್ಕಿ ನೆಲಕ್ಕೆ ಬಿದ್ದಿತ್ತು, ಕೇಳುವವರಾರೂ ಇರಲಿಲ್ಲ. ಆದರೂ ಬಿದ್ದ ಮಾತ್ರಕ್ಕೆ ವಸ್ತುವು ಆಸೆಗೆ ವಶವಾಗುವುದಿಲ್ಲವೆಂಬುದು ಆ ಮಹಾತಾಯಿಯ ಬೋಧೆ. ಬಿದ್ದ ಅಕ್ಕಿಗೆ ಸಲ್ಲುವ ನ್ಯಾಯ ಬಿದ್ದ ಮರಕ್ಕೂ ಸಲ್ಲುತ್ತದೆ.

"ನನ್ನ ನೆಲದ ಮರ ನನ್ನದು" ಎಂಬ ಮಾತಿಗೆ ಲೌಕಿಕದಲ್ಲಿಯೂ ಮಿತಿಯುಂಟು. ಸ್ವಂತ ಹೊಲದಲ್ಲಿ ಬೆಳೆದ ಶ್ರೀಗಂಧಕ್ಕೆ ಭೂಮಾಲೀಕನೇ ಒಡೆಯನೆಂದು ನಮ್ಮ ರಾಜ್ಯದ ಕಾನೂನು ಒಪ್ಪಿದುದು 2001ರ ತಿದ್ದುಪಡಿಯಿಂದ. ಅದಕ್ಕೆ ಮೊದಲು ಅದು ಸರ್ಕಾರದ ಸ್ವತ್ತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿಯುಳ್ಳ ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಗಾಳಿಗೆ ಬಿದ್ದ ಮರಕ್ಕೆ ಅನುಮತಿಯನ್ನು ನಿರಾಕರಿಸಲಾಗದೆಂದೂ ಅದರಲ್ಲಿಯೇ ಹೇಳಿದೆ. ಆದುದರಿಂದ ಕದ್ದುಮುಚ್ಚಿ ಸಾಗಿಸುವ ಅಗತ್ಯವು ಸತ್ಯವಂತನಿಗೆ ಇಲ್ಲ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿದರೆ ಸಾಕು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದು ಜೀವರಕ್ಷಣೆ. ವಿದ್ಯುತ್ ತಂತಿಯ ಮೇಲೆ ಬಿದ್ದ ಮರವನ್ನು ಯಾರೂ ಮುಟ್ಟದಂತೆ ಕಾವಲಿದ್ದು ವಿದ್ಯುತ್ ಕಚೇರಿಗೆ ತಿಳಿಸಬೇಕು. ಬೇರುಸಹಿತ ಎದ್ದ ಮರದ ಮೇಲ್ಭಾಗವನ್ನು ಕತ್ತರಿಸಿದಾಗ ಬುಡವು ಒಮ್ಮೆಲೇ ಹಿಂದಕ್ಕೆ ಮಗುಚಿ ಕುಳಿಯನ್ನು ಮುಚ್ಚಬಹುದು. ಮಕ್ಕಳನ್ನು ಆ ಕುಳಿಯ ಹತ್ತಿರ ಬಿಡಬಾರದು. ಬಾಗಿ ಬಿಗಿದ ಕೊಂಬೆಯೂ ಕಡಿದೊಡನೆ ಸಿಡಿದು ಹೊಡೆಯುತ್ತದೆ. ಇಂಥ ಕೆಲಸಕ್ಕೆ ಅನುಭವಿಗಳನ್ನೇ ಕರೆಯಬೇಕು. ಪ್ರಾಣವನ್ನು ಪಣವಾಗಿಟ್ಟು ದುಡಿಯುವವರ ಕೂಲಿಯಲ್ಲಿ ಚೌಕಾಶಿ ಮಾಡುವುದು ಕಾಯಕಕ್ಕೆ ಮಾಡುವ ಅವಮಾನ.

ಎರಡನೆಯದು ಋಣವಿಮೋಚನೆ. ದಿಮ್ಮಿಯ ಹಣವು ಮನೆಯೊಳಗೆ ಬರುವ ಮೊದಲು ನೆರೆಯವನ ಕೊಟ್ಟಿಗೆಯನ್ನು ಹಾದು ಬರಬೇಕು. ಗೋಡೆ ಏಳಲಿ, ಹೆಂಚು ಕೂಡಲಿ, ಹಸುವಿಗೆ ಚಿಕಿತ್ಸೆಯಾಗಲಿ. ಬಳಿಕ ಉಳಿದುದು ಒಡೆಯನದು. ಅಷ್ಟಕ್ಕೆ ದಿಮ್ಮಿಯ ಬೆಲೆ ಸಾಲದಿದ್ದರೆ? ದೋಷವಿಲ್ಲದ ಬಡಗೃಹಸ್ಥನು ಮನೆ ಮಾರಿ ತೆರಬೇಕೆಂದು ಧರ್ಮವು ಹೇಳದು. ಆದರೆ ಗೋಡೆ ಕಟ್ಟುವ ದಿನ ಮಣ್ಣು ಹೊರಲು ಅವನಿಗೆ ಎರಡು ಕೈಗಳಿವೆ. ಕೊಡಲಾಗದವನೂ ಜೊತೆಗೆ ನಿಲ್ಲಬಲ್ಲನು. ನೆರೆಯವನು ಮೊದಲ ಸಂಜೆ ಬಂದು ನಿಂತಾಗ ಬಯಸಿದುದು ಬಹುಶಃ ಅದನ್ನೇ.

ಮೂರನೆಯದು ದಾಸೋಹ. ಎಲೆಯು ಆಡುಗಳಿಗೆ ಮೇವು. ರೆಂಬೆಕೊಂಬೆಗಳು ಬಡವರ ಒಲೆಗೆ ಸೌದೆ. ಇವನ್ನು ಆಯ್ದುಕೊಳ್ಳಲು ಬಂದವರನ್ನು ಗದರಿಸಿ ಓಡಿಸುವವನು, ಆಯ್ದುದನ್ನೇ ದಾಸೋಹವಾಗಿಸಿದ ಶರಣದಂಪತಿಗಳ ಹೆಸರನ್ನು ಹೇಳಲು ಅರ್ಹನಲ್ಲ.

ಕಡೆಗೆ ಉಳಿಯುವುದು ಕುಳಿ. ಮಣ್ಣು ತುಂಬಿ ಮಳೆ ಹಿಡಿದ ಮೇಲೆ ಹಿತ್ತಿಲಿನಲ್ಲಿ ಒಂದು ಸಸಿಯನ್ನು ನೆಡಬೇಕು. ಆದರೆ ಈ ಸಾರಿ ನೆರೆಯವನ ಗೋಡೆಯಿಂದ ದೂರದಲ್ಲಿ. ಅದು ಫಲ ಕೊಡುವ ಕಾಲಕ್ಕೆ ನೆಟ್ಟವನು ಇರುವನೋ ಇಲ್ಲವೋ. ಮೊಮ್ಮಕ್ಕಳು ಆಗ "ನಮ್ಮಜ್ಜ ನೆಟ್ಟ ಮರ" ಎನ್ನುವರು. ಲಾಭದ ಬೆಳಗಿನಲ್ಲಿಯೂ ಹಾನಿಯ ಸಂಜೆಯಲ್ಲಿಯೂ ಅವರು ಅದೇ ಮಾತನ್ನು ಹೇಳುವಂತೆ ಈಗಲೇ ನಡೆದು ತೋರಿಸುವುದು ಹಿರಿಯರ ಹೊಣೆ.