ಹಿಂತಿರುಗುವ ದಾರಿಯಲ್ಲಿ ತಪ್ಪಿದ ಮಗ



ಮಾತೆಯ ಬೆಟ್ಟಕ್ಕೆ ನೀವು ಬಹು ದೂರದಿಂದ ಬಂದಿದ್ದೀರಿ. ಗೊಬ್ಬೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯಿಂದ ಕಲಬುರಗಿ ಮುಟ್ಟಿ, ಅಲ್ಲಿಂದ ರೈಲು ಹಿಡಿದವರೂ ಇದ್ದೀರಿ. ಬುತ್ತಿಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಉಳಿದಿರಬಹುದು. ಮೇಣದಬತ್ತಿ ಹಚ್ಚಿದಿರಿ, ಹರಕೆ ತೀರಿಸಿದಿರಿ. ಇನ್ನು ಊರ ದಾರಿ. ಈ ಮಾತು ಆ ದಾರಿಯ ಬಗ್ಗೆಯೇ.

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯ ನೋಡಿರಿ. ಸಂತ ಜೋಸೆಫರೂ ಮರಿಯಮ್ಮನವರೂ ನಿಮ್ಮ ಹಾಗೆ ಯಾತ್ರಿಕರೇ. ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ನಜರೇತಿನಿಂದ ಜೆರುಸಲೇಮಿಗೆ ಹೋಗುತ್ತಿದ್ದರು. ಬಾಲಯೇಸುವಿಗೆ ಹನ್ನೆರಡು ವರ್ಷವಾದಾಗ ಮಗ ತಪ್ಪಿಹೋದ. ಹೋಗುವಾಗ ಅಲ್ಲ, ಹಬ್ಬ ಮುಗಿಸಿ ಹಿಂತಿರುಗುವಾಗ! ಒಂದು ದಿನದ ದಾರಿ ನಡೆದ ಮೇಲೆ ಗೊತ್ತಾಯಿತು. ಯಾಕೆ ಅಷ್ಟು ತಡ? ಪ್ರೀತಿ ಇರಲಿಲ್ಲವೆಂದಲ್ಲ. ಗುಂಪಿನಲ್ಲೇ ಎಲ್ಲೋ ಇದ್ದಾನೆ, ನೆಂಟರ ಸಂಗಡ ಬರುತ್ತಿದ್ದಾನೆ ಅಂದುಕೊಂಡರು.

ಈಗ ನಮ್ಮ ಮನೆಗೆ ಬನ್ನಿ. ರಾತ್ರಿ ಎಂಟು ಗಂಟೆ. ಅತ್ತೆಯವರು ಧಾರಾವಾಹಿ ಮುಂದೆ. ಸೊಸೆಯ ಕೈ ರೊಟ್ಟಿ ಬಡಿಯುತ್ತದೆ, ಕಿವಿ ಮಾತ್ರ ಟೀವಿ ಕಡೆ. ಮಗ ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾನೆ. ಯಜಮಾನ ದುಡಿಯಲು ಪುಣೆಗೆ ಹೋದವನು, ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸುತ್ತಾನೆ. ಕೇಳಿದರೆ ಎಲ್ಲಾರೂ ಮನಿಯಾಗೇ ಇದ್ದಾರ ಅನ್ನುತ್ತೇವೆ. ಪಿಯುಸಿ ಓದುವ ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬುದು ಯಾರಿಗೆ ಗೊತ್ತು?

"ಹಂಗಾದ್ರ ಟೀವಿ ನೋಡೋದು ಪಾಪ ಅದ ಏನ್ರಿ?" ಎಂದು ಕೇಳುವವರಿದ್ದಾರೆ. ಟೀವಿ ಒಡೆದುಹಾಕಿರಿ ಎಂದು ಬೋಧಿಸುವವರೂ ಇದ್ದಾರೆ. ನಾನು ಆ ಸಾಲಿನವನಲ್ಲ. ಅಸ್ಸೀಸಿಯ ಸಂತ ಕ್ಲಾರಾ 1252ರ ಕ್ರಿಸ್‌ಮಸ್ ರಾತ್ರಿ ಕಾಯಿಲೆಯಿಂದ ಏಳಲಾರದೆ ಮಲಗಿದ್ದಾಗ, ದೂರದ ದೇವಾಲಯದ ಪೂಜೆಯನ್ನು ಹಾಸಿಗೆಯಿಂದಲೇ ಕಂಡು ಕೇಳಿದರಂತೆ. ಅದಕ್ಕೇ ಪೋಪ್ ಹನ್ನೆರಡನೇ ಪಿಯೂಸರು 1958ರಲ್ಲಿ ಅವರನ್ನು ಟೆಲಿವಿಷನ್ನಿನ ಪಾಲಕ ಸಂತರೆಂದು ಸಾರಿದರು. ಟೀವಿಗೂ ಒಬ್ಬ ಸಂತರಿದ್ದಾರೆ ಎಂದರೆ ನಮ್ಮ ಹಿರಿಯರು ನಗುತ್ತಾರೆ, ಆದರೆ ನಿಜ. 1978ರಲ್ಲಿ ತೆಲುಗಿನಲ್ಲಿ ಬಂದ 'ಕರುಣಾಮಯುಡು' ಚಿತ್ರವನ್ನು ಹಳ್ಳಿಹಳ್ಳಿಗಳಲ್ಲಿ ಪರದೆ ಕಟ್ಟಿ ತೋರಿಸಿದರು. ವಿಜಯಚಂದರ್ ಶಿಲುಬೆ ಹೊತ್ತದ್ದನ್ನು ಕಂಡು, ಓದು ಬಾರದ ಎಷ್ಟೋ ತಾಯಂದಿರು ಪ್ರಭುವಿನ ಪಾಡು ತಿಳಿದರು. ಹಾಡು, ಸಿನಿಮಾ, ನಾಟಕ ಯಾವುದೂ ಹುಟ್ಟಿನಿಂದ ಕೆಟ್ಟದ್ದಲ್ಲ.

ಕೆಡುವುದು ಎಲ್ಲಿ? ಧಾರಾವಾಹಿಯ ಅತ್ತೆ ಹಾಲಿಗೆ ವಿಷ ಹಾಕುತ್ತಾಳೆ, ಸೊಸೆ ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತಾಳೆ. ಆರು ತಿಂಗಳು ನೋಡಿದ ಮೇಲೆ ನಮ್ಮ ಮನೆಯ ಅತ್ತೆ ಸುಮ್ಮನೆ ಒಂದು ಮಾತಾಡಿದರೂ ಸೊಸೆಗೆ ಅದರಲ್ಲಿ ಸಂಚು ಕಾಣುತ್ತದೆ. ಸಿನಿಮಾ ಮದುವೆ ನೋಡಿ ನಮಗೂ ಡಿಜೆ ಬೇಕು, ಡ್ರೋನ್ ಕ್ಯಾಮೆರಾ ಬೇಕು. ತೊಗರಿ ಮಾರಿದ ದುಡ್ಡು ಒಂದೇ ರಾತ್ರಿಗೆ ಹೋಗಿ, ಮೇಲೆ ಸಾಲ. ನೆಚ್ಚಿನ ನಟನ ಕಟೌಟಿಗೆ ಹಾಲು ಸುರಿಯುವ ಹುಡುಗನ ಮನೆಯಲ್ಲಿ ಅಜ್ಜಿಯ ಬಿಪಿ ಗುಳಿಗೆ ಮುಗಿದು ವಾರವಾಗಿರುತ್ತದೆ.

ಕರಾವಳಿಯಲ್ಲಿ ದೇವಾಲಯದ ಗಂಟೆ ಮನೆಗೆ ಕೇಳಿಸುತ್ತದೆ. ನಮ್ಮ ಕಡೆ ಹಾಗಲ್ಲ. ಕಲಬುರಗಿ ಧರ್ಮಕ್ಷೇತ್ರ ಆದದ್ದೇ 2005ರಲ್ಲಿ. ಎಷ್ಟೋ ಹಳ್ಳಿಗಳಲ್ಲಿ ಕ್ರೈಸ್ತರದು ಒಂದೆರಡೇ ಮನೆ, ಗುರುಗಳು ದಿನಾಲು ಬರಲಾರರು. ಅಲ್ಲಿ ಮನೆಯ ಪ್ರಾರ್ಥನೆ ನಿಂತರೆ ವಿಶ್ವಾಸವೇ ನಿಂತ ಹಾಗೆ. ಸಂತ ಎರಡನೇ ಜಾನ್ ಪೌಲರು 2002ರಲ್ಲಿ ಜಪಮಾಲೆಯ ಬಗ್ಗೆ ಬರೆದ ಪತ್ರದಲ್ಲಿ, ಕುಟುಂಬ ಒಟ್ಟಿಗೆ ಸೇರುವುದೇ ಅಪರೂಪ, ಸೇರಿದ ಆ ಸ್ವಲ್ಪ ಹೊತ್ತನ್ನೂ ಟೀವಿ ತಿನ್ನುತ್ತದೆ ಎಂದು ನೊಂದುಕೊಂಡಿದ್ದರು. ಅದೇ ಪತ್ರದಲ್ಲಿ ಬೆಳಕಿನ ರಹಸ್ಯಗಳನ್ನು ಕೊಟ್ಟರು. ಎರಡನೆಯದು ಕಾನಾ ಊರಿನ ಮದುವೆ. ಅಲ್ಲಿಯೂ ಸಂಗೀತ, ಊಟ, ಗದ್ದಲ ಇದ್ದೇ ಇದ್ದಿರಬೇಕು. ಅಷ್ಟರ ನಡುವೆ ದ್ರಾಕ್ಷಾರಸ ಮುಗಿದದ್ದು ಮಾತೆಯ ಕಣ್ಣಿಗೆ ಬಿತ್ತು. ಹಿಂದೊಮ್ಮೆ ಮಗನನ್ನು ಮೂರು ದಿನ ಹುಡುಕಿದ ತಾಯಿ ಆಕೆ.

ಐವತ್ತು ಮಣಿ ಆಗದಿದ್ದರೆ ಹತ್ತೇ ಮಣಿ ಹೇಳಿರಿ. ನಾಲ್ಕು ನಿಮಿಷ, ಧಾರಾವಾಹಿ ನಡುವಿನ ಜಾಹೀರಾತಿನಷ್ಟು ಹೊತ್ತು. ಟೀವಿ ಬಂದ್ ಮಾಡಿ, ಮೊಬೈಲ್ ಮಾಡದಲ್ಲಿಡಿ. ಮಕ್ಕಳೇ ಮುಂದಾಗಿ ಹೇಳಲಿ. ಮುಗಿದ ಕೂಡಲೆ ಎದ್ದು ಹೋಗದೆ, ಇವತ್ತು ಏನಾಯ್ತು ಅಂತ ಒಬ್ಬರನ್ನೊಬ್ಬರು ಕೇಳಿರಿ. ಮಗ ಕೊಡುವ ಉತ್ತರ ನಿಮಗೆ ತಿಳಿಯದೆ ಹೋಗಬಹುದು. ದೇವಾಲಯದಲ್ಲಿ ಸಿಕ್ಕ ಯೇಸು ಕೊಟ್ಟ ಉತ್ತರವೂ ತಂದೆತಾಯಿಗೆ ಅರ್ಥವಾಗಲಿಲ್ಲವೆಂದು ಲೂಕ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆದರೂ ಮಗನನ್ನು ಜೊತೆಗೇ ಕರೆದುಕೊಂಡು ನಜರೇತಿಗೆ ಇಳಿದರು. ತಾಯಿ ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಕೆಳಗೆ ಬಸ್ಸು ಹತ್ತುವ ಮೊದಲು ಹೇಗೂ ತಲೆ ಎಣಿಸುತ್ತೀರಿ. ಊರು ಮುಟ್ಟಿದ ರಾತ್ರಿ ಊಟಕ್ಕೆ ಕೂತಾಗಲೂ ಒಮ್ಮೆ ಎಣಿಸಿರಿ, ಪುಣೆಯಲ್ಲಿರುವವನನ್ನೂ ಸೇರಿಸಿ.

ಮಾತೆ ಮರಿಯಮ್ಮನವರು ನಿಮ್ಮ ಮನೆತನವನ್ನು ಕಾಯಲಿ. ಆಮೆನ್.